ಮಳೆ ನಿಂತ ಮೇಲೆ ಜೀಪಿನಡಿಯ ಕೆಲಸ: ಟ್ರಾನ್ಸ್‌ಫರ್ ಕೇಸ್ ಆಯಿಲ್ ಬದಲಿಸುವ ಬಗೆ

ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿರಲಿ: ಮೇಲಿನ ನಟ್ಟು ಸಡಿಲವಾಗದೆ ಕೆಳಗಿನ ನಟ್ಟಿಗೆ ಕೈ ಹಾಕಬಾರದು.

ನಾನು ಇದನ್ನು ಕಲಿತದ್ದು ಒಂದು ಭಾನುವಾರ ಮಧ್ಯಾಹ್ನ, ಉಡುಪಿಯ ನಮ್ಮ ಮನೆಯಂಗಳದಲ್ಲಿ, ಹಳೆಯ ಜಿಪ್ಸಿಯಡಿ ಅಂಗಾತ ಮಲಗಿಕೊಂಡು. ಕೆಳಗಿನ ಡ್ರೈನ್ ನಟ್ಟು ಒಂದೇ ಏಟಿಗೆ ಬಂತು. ಆಯಿಲೆಲ್ಲ ಬೇಸಿನ್ನಿಗೆ ಇಳಿಯಿತು. ಖುಷಿಯಲ್ಲಿ ಒಳಗೆ ಹೋಗಿ ಚಾ ಕುಡಿದು ಬಂದು ಮೇಲಿನ ಫಿಲ್ಲರ್ ನಟ್ಟಿಗೆ ಸ್ಪ್ಯಾನರ್ ಕೊಟ್ಟರೆ ಅದು ಮಿಸುಕಲೇ ಇಲ್ಲ. ಇನ್ನಷ್ಟು ಬಲ ಹಾಕಿದೆ, ನಟ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾದವು. ಹೊಸ ಆಯಿಲ್ ಹಾಕಲು ಬಾಯಿಲ್ಲ, ಆಯಿಲಿಲ್ಲದೆ ಗ್ಯಾರೇಜಿಗೆ ಓಡಿಸುವ ಹಾಗೂ ಇಲ್ಲ. ಮರುದಿನ ಪರಿಚಯದ ಮೆಕ್ಯಾನಿಕ್ ಮನೆಗೇ ಬಂದು, ಕೆಳಗೆ ಬಗ್ಗಿ ನೋಡಿ, “ಎಂತ ಮಾರಾಯ್ರೆ, ಹಾಕುವ ಬಾಯಿ ತೆಗೆಯದೆ ಬಿಡುವ ಬಾಯಿ ತೆಗೆದದ್ದಾ?” ಎಂದು ನಕ್ಕರು. ಒಂದು ಅಳತೆ ಚಿಕ್ಕದಾದ ಬಾಕ್ಸ್ ಸ್ಪ್ಯಾನರನ್ನು ಆ ಗುಂಡು ನಟ್ಟಿನ ಮೇಲೆ ಸುತ್ತಿಗೆಯಲ್ಲಿ ಹೊಡೆದು ಕೂರಿಸಿ, ಉದ್ದದ ಪೈಪು ಸಿಕ್ಕಿಸಿ ತಿರುಗಿಸಿದಾಗ ನಟ್ಟು ಕಿರುಚುತ್ತಾ ಬಂತು. ಅಲ್ಲಿಂದೀಚೆ ನನ್ನದು ಯಾವಾಗಲೂ ಮೇಲಿನಿಂದ ಕೆಳಗೆ.

ಟ್ರಾನ್ಸ್‌ಫರ್ ಕೇಸ್ ಎಂದರೆ ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆ. ಗೇರ್ ಲಿವರಿನ ಪಕ್ಕದ ಎರಡನೇ ಚಿಕ್ಕ ಲಿವರು, ಅಥವಾ ಹೊಸ ಗಾಡಿಗಳಲ್ಲಿ ತಿರುಗಿಸುವ ಗುಂಡಿ, ಮಾತಾಡುವುದು ಇದರ ಜೊತೆ. ಅದರೊಳಗೆ ಗೇರುಗಳು ಅಥವಾ ಅಗಲವಾದ ಚೈನು, ಕೆಲವು ಬೇರಿಂಗು, ಇವೆಲ್ಲ ಮುಳುಗಿ ತಿರುಗಲು ಒಂದೆರಡು ಲೀಟರ್ ಆಯಿಲ್. ಜಿಪ್ಸಿಯಂಥ ಚಿಕ್ಕ ಗಾಡಿಗೆ ಒಂದು ಲೀಟರೂ ಪೂರ್ತಿ ಬೇಡ. ಇಂಜಿನ್ ಆಯಿಲನ್ನು ತಪ್ಪದೆ ಬದಲಿಸುವವರು ಕೂಡ ಇದನ್ನು ಮರೆಯುತ್ತಾರೆ, ಏಕೆಂದರೆ ಇದು ಕಡಿಮೆಯಾದರೆ ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಉರಿಯುವುದಿಲ್ಲ.

ಮುಂದಿನ ಚಕ್ರದ ಕಾರಿಗೆ ಹಿಂದಿನ ಚಕ್ರದ ಎಳೆತ ಸೇರಿಸಿದ ಆಲ್ ವೀಲ್ ಡ್ರೈವ್ ಗಾಡಿಗಳ ರಚನೆ ಬೇರೆ. ಈ ಲೇಖನ ಥಾರ್, ಜಿಮ್ನಿ, ಜಿಪ್ಸಿ, ಹಳೆಯ ಮಹೀಂದ್ರಾ ಜೀಪುಗಳಂಥ, ಬೇಕೆಂದಾಗ ಮಾತ್ರ ಫೋರ್ ವೀಲ್ ಹಾಕುವ ಗಾಡಿಗಳಿಗೆ.

ನಮ್ಮೂರಲ್ಲಿ ಕಿಲೋಮೀಟರಿಗಿಂತ ನೀರಿನ ಲೆಕ್ಕ ದೊಡ್ಡದು

ಮ್ಯಾನ್ಯುಯಲ್ಲಿನಲ್ಲಿ ಇಷ್ಟು ಸಾವಿರ ಕಿಲೋಮೀಟರಿಗೊಮ್ಮೆ ಎಂದು ಬರೆದಿರುತ್ತದೆ, ಕಷ್ಟದ ಬಳಕೆಗೆ ಅದಕ್ಕಿಂತ ಬೇಗ ಎಂದೂ ಇರುತ್ತದೆ. ಅದು ಸರಿಯೇ. ಆದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರು, ಉಡುಪಿಯಲ್ಲಿ ಗಾಡಿ ಎಷ್ಟು ಓಡಿತು ಎನ್ನುವುದಕ್ಕಿಂತ ಎಷ್ಟು ಸಲ ನೀರಿಗಿಳಿಯಿತು ಎನ್ನುವುದೇ ಮುಖ್ಯ. ತೋಟಕ್ಕೆ ಹೋಗುವ ದಾರಿಯಲ್ಲಿ ಒಂದು ತೋಡು, ಗದ್ದೆಯಂಚಿನ ರಸ್ತೆ ಮುಳುಗಿದ ದಿನ ಮೊಣಕಾಲುದ್ದ ಕೆಂಪು ನೀರು, ಸ್ವರ್ಣಾ ಅಥವಾ ನೇತ್ರಾವತಿ ಉಕ್ಕಿದಾಗ ನೆಂಟರ ಮನೆಗೆ ಸಾಮಾನು ತಲುಪಿಸುವ ಉತ್ಸಾಹ. ಫೋರ್ ವೀಲ್ ಇದ್ದವನಿಗೆ ಮಳೆಗಾಲದಲ್ಲಿ ಕರೆಗಳು ಜಾಸ್ತಿ.

ನೀರು ಒಳಗೆ ಹೋಗುವುದು ಹೇಗೆ? ಪೆಟ್ಟಿಗೆ ಓಡಿ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಆ ಗಾಳಿ ಆಡಲೆಂದೇ ಮೇಲೆ ಬ್ರೀದರ್ ಎಂಬ ಚಿಕ್ಕ ಮೂತಿ ಇದೆ, ಕೆಲವು ಗಾಡಿಗಳಲ್ಲಿ ಅದಕ್ಕೊಂದು ರಬ್ಬರ್ ಪೈಪು. ಬಿಸಿ ಪೆಟ್ಟಿಗೆ ತಣ್ಣನೆಯ ತೋಡಿನ ನೀರಿಗೆ ಇಳಿದ ಕ್ಷಣ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ಬ್ರೀದರಿನ ಬಾಯಿ ನೀರಿನಿಂದ ಮೇಲಿದ್ದರೆ ಬರಿಯ ಗಾಳಿ ಬರುತ್ತದೆ. ನೀರಿನಡಿ ಇದ್ದರೆ ನೀರೇ ಬರುತ್ತದೆ. ಕೆಸರು ಕಟ್ಟಿ ಮುಚ್ಚಿಹೋಗಿದ್ದರೆ ಶಾಫ್ಟಿನ ಆಯಿಲ್ ಸೀಲಿನ ತುಟಿ ದಾಟಿ ನೀರು ನುಸುಳುತ್ತದೆ. ಬೇಸಿಗೆಯಲ್ಲಿ ಅದೇ ಮುಚ್ಚಿದ ಬ್ರೀದರ್ ಒಳಗಿನ ಒತ್ತಡ ಹೆಚ್ಚಿಸಿ ಆಯಿಲನ್ನು ಸೀಲಿನಿಂದ ಹೊರಗೆ ತಳ್ಳುತ್ತದೆ. ಸೀಲು ಹೋಯಿತೆಂದು ಹೊಸದು ಹಾಕಿಸಿ, ಎರಡು ತಿಂಗಳಲ್ಲಿ ಮತ್ತೆ ಸೋರಿತೆಂದು ಬೈಯುವವರು ಮೊದಲು ಈ ಮೂತಿಯನ್ನು ನೋಡಬೇಕು.

ಹಾಗಾಗಿ ನನ್ನ ಕ್ಯಾಲೆಂಡರ್ ಹೀಗೆ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ, ಅಂದರೆ ಮೇ ಕೊನೆಯ ವಾರ, ಬ್ರೀದರ್ ಬಿಚ್ಚಿ ಊದಿ ಸ್ವಚ್ಛ ಮಾಡುವುದು, ಆಯಿಲ್ ಮಟ್ಟ ನೋಡುವುದು, ಅಷ್ಟೇ. ಆಯಿಲ್ ಬದಲಿಸುವುದು ಮಳೆ ಹಿಂದೆ ಸರಿದ ಮೇಲೆ, ದೀಪಾವಳಿ ಆಸುಪಾಸಿಗೆ. ಮಳೆಗೆ ಮುಂಚೆಯೇ ಹೊಸ ಆಯಿಲ್ ತುಂಬಿ ನಿಶ್ಚಿಂತೆಯಾಗಿರುವವರು ಬಹಳ ಜನ. ನನಗೆ ಅದು ಒಪ್ಪಿಗೆಯಿಲ್ಲ. ಮಳೆಗಾಲದಲ್ಲಿ ಸೇರಿದ ನೀರು ಮುಂದಿನ ಮೇ ತನಕ ಬೇರಿಂಗಿಗೆ ತುಕ್ಕು ಹಿಡಿಸುತ್ತಾ ಒಳಗೇ ಕೂತಿರುತ್ತದೆ. ಪೆಟ್ಟಿಗೆ ಮುಳುಗುವಷ್ಟು ನೀರು ದಾಟಿದ್ದರೆ ದೀಪಾವಳಿಗೂ ಕಾಯಬೇಡಿ, ಅದೇ ವಾರ ಫಿಲ್ಲರ್ ನಟ್ಟು ತೆಗೆದು ಬೆರಳು ಅದ್ದಿ ಬಣ್ಣ ನೋಡಿ. ಇನ್ನು ತಣ್ಣೀರುಬಾವಿಯಲ್ಲೋ ಮಲ್ಪೆಯಲ್ಲೋ ಅಲೆಯೊಳಗೆ ಗಾಡಿ ಇಳಿಸಿ ಫೋಟೋ ತೆಗೆಸಿಕೊಳ್ಳುವ ಆಸೆ ಇದ್ದರೆ, ಆ ಉಪ್ಪುನೀರು ಮಾಡುವ ಹಾನಿಗೆ ಈ ಲೇಖನದಲ್ಲಿ ಮದ್ದಿಲ್ಲ.

ಯಾವ ಆಯಿಲ್

ಇಲ್ಲಿ ಅಂಗಡಿಯವರ ಮಾತು, ವಾಟ್ಸಾಪ್ ಗುಂಪಿನ ಮಾತು, ನನ್ನ ಮಾತು ಯಾವುದೂ ಬೇಡ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಹೇಳಿದ್ದೇ ಹಾಕಬೇಕು. ಕಾರಣ ಇಷ್ಟು: ಚೈನಿನ ಮೇಲೆ ಓಡುವ ಎಷ್ಟೋ ಟ್ರಾನ್ಸ್‌ಫರ್ ಕೇಸುಗಳು ತೆಳುವಾದ, ಕೆಂಪು ಬಣ್ಣದ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್ ಕೇಳುತ್ತವೆ. ಗೇರಿನಿಂದ ಗೇರಿಗೆ ಓಡುವ ಹಳೆಯ ಮಾದರಿಗಳು ದಪ್ಪ ಗೇರ್ ಆಯಿಲ್ ಕೇಳುತ್ತವೆ, 75ಡಬ್ಲ್ಯೂ-90 ಅಥವಾ 80ಡಬ್ಲ್ಯೂ-90 ಥರದ್ದು. ತೆಳು ಬೇಕಾದಲ್ಲಿ ದಪ್ಪ ಹಾಕಿದರೆ ಒಳಗಿನ ಪಂಪಿಗೂ ಚೈನಿಗೂ ತ್ರಾಸ. ದಪ್ಪ ಬೇಕಾದಲ್ಲಿ ತೆಳು ಹಾಕಿದರೆ ಗೇರಿನ ಹಲ್ಲುಗಳ ನಡುವೆ ಪದರ ನಿಲ್ಲುವುದಿಲ್ಲ. ಗುಂಡಿ ತಿರುಗಿಸಿ ತಾನಾಗಿ ಕ್ಲಚ್ ಹಿಡಿಯುವ ಮಾದರಿಗಳಿಗೆ ಕಂಪೆನಿಯದೇ ಪ್ರತ್ಯೇಕ ಫ್ಲೂಯಿಡ್ ಇರಬಹುದು, ಅಲ್ಲಿ ಉಳಿತಾಯದ ಯೋಚನೆ ಬೇಡ.

ಗೇರ್ ಆಯಿಲ್ ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂಬ ವರ್ಗದ ಗುರುತೂ ಇರುತ್ತದೆ. 5 ದೊಡ್ಡ ಅಂಕಿ, ಹಾಗಾಗಿ ಒಳ್ಳೆಯದು ಎಂದು ಅಂಗಡಿಯಲ್ಲಿ ಹೇಳುವುದುಂಟು. ಅದು ಮಾರ್ಕ್ಸ್ ಕಾರ್ಡ್ ಅಲ್ಲ. ಜಿಎಲ್-5ರಲ್ಲಿ ಡಿಫರೆನ್ಷಿಯಲ್ಲಿನ, ಅಂದರೆ ಆಕ್ಸಲಿನ ನಡುವೆ ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ, ಭಾರೀ ಒತ್ತಡ ತಡೆಯಲು ಗಂಧಕ, ರಂಜಕದ ಸೇರ್ಪಡೆ ಹೆಚ್ಚು. ಒಳಗೆ ಹಿತ್ತಾಳೆ, ಕಂಚಿನ ಭಾಗಗಳಿದ್ದರೆ ಅದು ಅವುಗಳಿಗೆ ಒಗ್ಗದೆ ಹೋಗಬಹುದು. ಮ್ಯಾನ್ಯುಯಲ್ 4 ಎಂದರೆ 4, 5 ಎಂದರೆ 5.

ಬೇಕಾದದ್ದಕ್ಕಿಂತ ಅರ್ಧ ಲೀಟರ್ ಜಾಸ್ತಿ ತನ್ನಿ, ಕೆಳಗೆ ಚೆಲ್ಲುವುದು ಇದ್ದದ್ದೇ. ಜೊತೆಗೆ ಎರಡೂ ನಟ್ಟಿಗೆ ಹೊಸ ವಾಷರು, ತಾಮ್ರದ್ದೋ ಅಲ್ಯೂಮಿನಿಯಮ್ಮಿನದ್ದೋ, ನಿಮ್ಮ ಗಾಡಿಯಲ್ಲಿ ಇರುವಂಥದ್ದು. ಆಯಿಲ್ ಏರಿಸಲು ಒಂದು ಕೈಪಂಪು, ಅದಿಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಪೈಪು ಎರಡು ಮೀಟರ್ ಮತ್ತು ಒಂದು ಆಲಿಕೆ. ಹಳೆಯ ಆಯಿಲ್ ಹಿಡಿಯಲು ಅಗಲ ಬೇಸಿನ್, ಬಟ್ಟೆ ಚೂರು, ತಂತಿ ಬ್ರಶ್, ತುಕ್ಕು ಬಿಡಿಸುವ ಸ್ಪ್ರೇ. ನಟ್ಟು ಕೆಲವು ಗಾಡಿಗಳಲ್ಲಿ ಹೊರಗೆ ಆರು ಮೂಲೆಯದ್ದು, ಕೆಲವಲ್ಲಿ ಒಳಗೆ ಚೌಕ ಗುಳಿ, ಕೆಲವಲ್ಲಿ ಅಲೆನ್ ಕೀ ಕೇಳುವಂಥದ್ದು. ಹಿಂದಿನ ದಿನವೇ ಕೆಳಗೆ ನುಸುಳಿ ಅಳತೆ ನೋಡಿ. ಬಾಕ್ಸ್ ಆರು ಮೂಲೆಯದ್ದೇ ಇರಲಿ. ಹನ್ನೆರಡು ಮೂಲೆಯದ್ದು ತುಕ್ಕು ಹಿಡಿದ ನಟ್ಟಿನ ಮೇಲೆ ಜಾರಿ ನನ್ನ ಭಾನುವಾರದ ಕತೆಯನ್ನು ನಿಮ್ಮ ಅಂಗಳದಲ್ಲೂ ನಡೆಸುತ್ತದೆ.

ಕೆಲಸ

ಮೊದಲು ಗಾಡಿಯನ್ನು ಒಂದು ಹತ್ತು ಕಿಲೋಮೀಟರ್ ಓಡಿಸಿ ಬನ್ನಿ. ಆಯಿಲ್ ಬೆಚ್ಚಗಾದರೆ ತೆಳುವಾಗಿ ಪೂರ್ತಿ ಇಳಿಯುತ್ತದೆ, ತಳದ ಕೊಳೆಯನ್ನೂ ಜೊತೆಗೆ ತರುತ್ತದೆ. ತೀರಾ ಕುದಿಯುವ ಬಿಸಿ ಬೇಡ. ಸೈಲೆನ್ಸರ್ ಪೈಪು ಆ ಪೆಟ್ಟಿಗೆಯ ಹತ್ತಿರವೇ ಹಾದುಹೋಗುತ್ತದೆ, ಮೊಣಕೈ ತಾಗಿದರೆ ಬೊಬ್ಬೆ ಖಂಡಿತ. ಹಾಗಾಗಿ ಬಂದ ಮೇಲೆ ಒಂದು ಚಾ ಕುಡಿಯುವಷ್ಟು ಹೊತ್ತು ಬಿಡಿ.

ನೆಲ ಸಮತಟ್ಟಾಗಿರಲೇಬೇಕು, ಏಕೆಂದರೆ ಹಾಕುವ ಆಯಿಲಿನ ಅಳತೆ ನಿಲ್ಲುವುದು ಆ ಮಟ್ಟದ ಮೇಲೆ. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಚಕ್ರಗಳಿಗೆ ಮುಂದೆ ಹಿಂದೆ ಮರದ ತುಂಡು ಕೊಡಿ. ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್ಲಿನಲ್ಲಿ ಇಲ್ಲ ಎಂದು ಎರಡು ಸಲ ನೋಡಿ. ಅದು ನ್ಯೂಟ್ರಲ್ಲಿನಲ್ಲಿದ್ದರೆ ಗೇರ್‌ಬಾಕ್ಸಿಗೂ ಚಕ್ರಕ್ಕೂ ಸಂಬಂಧವೇ ಕಡಿದಿರುತ್ತದೆ, ನೀವು ಮೊದಲ ಗೇರಿನಲ್ಲಿಟ್ಟರೂ ಗಾಡಿ ಉರುಳುತ್ತದೆ.

ಇಂಥ ಗಾಡಿಗಳಡಿ ಹೆಚ್ಚಾಗಿ ಜಾಕ್ ಇಲ್ಲದೆಯೇ ನುಸುಳಬಹುದು, ಅದೇ ಒಳ್ಳೆಯದು. ಎತ್ತಲೇಬೇಕೆಂದರೆ ನಾಲ್ಕೂ ಮೂಲೆ ಒಂದೇ ಮಟ್ಟಕ್ಕೆ, ಸರಿಯಾದ ಸ್ಟ್ಯಾಂಡಿನ ಮೇಲೆ, ಸ್ಟ್ಯಾಂಡಿನಡಿ ದಪ್ಪ ಹಲಗೆ. ಮಳೆಗೆ ನೆನೆದ ನಮ್ಮ ಕೆಂಪು ಮಣ್ಣಿನಲ್ಲಿ ಸ್ಟ್ಯಾಂಡಿನ ಕಾಲು ಬೆಣ್ಣೆಗೆ ಚೂರಿ ಇಳಿದ ಹಾಗೆ ಇಳಿಯುತ್ತದೆ. ನಮ್ಮ ಕಡೆಯ ಒಂದು ಕೆಟ್ಟ ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು: ಕಾಂಪೌಂಡಿಗೆಂದು ತಂದು ಉಳಿದ ಕೆಂಪುಕಲ್ಲನ್ನು, ಅಂದರೆ ಮುರಕಲ್ಲನ್ನು, ಒಂದರ ಮೇಲೊಂದು ಇಟ್ಟು ಗಾಡಿ ನಿಲ್ಲಿಸುವುದು. ಮುರಕಲ್ಲು ಗೋಡೆಗೆ ಗಟ್ಟಿ, ಭಾರ ಅಗಲಕ್ಕೆ ಹರಡಿದರೆ ತಡೆಯುತ್ತದೆ. ಆಕ್ಸಲಿನ ಇಷ್ಟೇ ಅಗಲದ ಕಬ್ಬಿಣ ಒಂದೇ ಬಿಂದುವಿನಲ್ಲಿ ಒತ್ತಿದರೆ ಹೇಳದೆ ಕೇಳದೆ ಸೀಳುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕೂ ಅಷ್ಟೇ. ಗಾಡಿಯಡಿ ಇರುವುದು ನಿಮ್ಮ ಎದೆ.

ಈಗ ಪೆಟ್ಟಿಗೆ ಯಾವುದೆಂದು ಗುರುತಿಸಿ. ಗೇರ್‌ಬಾಕ್ಸಿನ ಆಯಿಲ್ ಬಿಟ್ಟು, ಟ್ರಾನ್ಸ್‌ಫರ್ ಕೇಸಿಗೆ ಮತ್ತೊಂದಷ್ಟು ತುಂಬಿದವರು ಇದ್ದಾರೆ. ಸುಲಭದ ಗುರುತು: ಮುಂದಕ್ಕೊಂದು, ಹಿಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟ್ ಯಾವ ಪೆಟ್ಟಿಗೆಯಿಂದ ಹೊರಡುತ್ತದೋ ಅದೇ ಟ್ರಾನ್ಸ್‌ಫರ್ ಕೇಸ್. ಜಿಪ್ಸಿಯಲ್ಲಿ ಅದು ಗೇರ್‌ಬಾಕ್ಸಿನಿಂದ ಬೇರೆಯಾಗಿ, ನಡುವೆ ಚಿಕ್ಕ ಶಾಫ್ಟೊಂದಿಟ್ಟುಕೊಂಡು ಪ್ರತ್ಯೇಕ ಕೂತಿರುತ್ತದೆ, ಗೊಂದಲವಿಲ್ಲ. ಗೇರ್‌ಬಾಕ್ಸಿನ ಬೆನ್ನಿಗೇ ಬೋಲ್ಟ್ ಮಾಡಿದ ಗಾಡಿಗಳಲ್ಲಿ ಎಲ್ಲಿ ಅದು ಮುಗಿದು ಇದು ಶುರುವಾಗುತ್ತದೆ ಎಂದು ಗಮನವಿಟ್ಟು ನೋಡಬೇಕು. ಕೆಳಗೆ ರಕ್ಷಣೆಯ ತಗಡು ಇದ್ದರೆ ಮೊದಲು ಅದನ್ನು ಬಿಚ್ಚಿ. ಒಳಗೆ ಒಣಗಿದ ಕೆಸರು ಮುಖಕ್ಕೇ ಬೀಳುತ್ತದೆ, ಕಣ್ಣಿಗೆ ಕನ್ನಡಕ ಇರಲಿ.

ಎರಡೂ ನಟ್ಟಿನ ಸುತ್ತ ತಂತಿ ಬ್ರಶ್ಶಿನಿಂದ ಉಜ್ಜಿ ಒರೆಸಿ. ಇಲ್ಲದಿದ್ದರೆ ನಟ್ಟು ತೆಗೆದಾಗ ಆ ಮಣ್ಣೇ ಒಳಗೆ ಬೀಳುತ್ತದೆ. ಕರಾವಳಿಯ ಉಪ್ಪು ಗಾಳಿಗೆ ಈ ನಟ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿರುವುದೇ ಹೆಚ್ಚು. ಹಿಂದಿನ ರಾತ್ರಿಯೇ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ನಟ್ಟಿನ ತಲೆಗೆ ಸುತ್ತಿಗೆಯಿಂದ ನೇರಕ್ಕೆ ನಾಲ್ಕು ಸಣ್ಣ ಏಟು ಕೊಡಿ, ತುಕ್ಕಿನ ಹಿಡಿತ ಬಿರಿಯುತ್ತದೆ. ಬಿಚ್ಚುವ ಮೊದಲು ಒಂದು ಕೂದಲೆಳೆ ಬಿಗಿ ಮಾಡಿ ನೋಡುವುದೂ ಒಂದು ಉಪಾಯ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆಯುವಾಗ ಮೆಲ್ಲಗೆ, ಒಂದೇ ಸಮನೆ. ಪೆಟ್ಟಿಗೆ ಬಹಳ ಗಾಡಿಗಳಲ್ಲಿ ಅಲ್ಯೂಮಿನಿಯಮ್, ಜರ್ಕು ಕೊಟ್ಟರೆ ಥ್ರೆಡ್ಡೇ ಕಿತ್ತುಬರುತ್ತದೆ. ಎಷ್ಟು ಮಾಡಿದರೂ ಫಿಲ್ಲರ್ ನಟ್ಟು ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ. ಹಳೆಯ ಆಯಿಲ್ ಒಳಗೇ ಇದೆ, ಗಾಡಿ ಓಡುತ್ತದೆ, ಬೈಕಂಪಾಡಿಯೋ ಮಣಿಪಾಲದ ಶಿವಳ್ಳಿಯೋ, ಲೇತ್ ಮತ್ತು ವೆಲ್ಡಿಂಗ್ ಇರುವ ಕಡೆ ಒಯ್ಯಬಹುದು. ಮೇಲಿನದು ಮೊದಲು ಎಂದದ್ದು ಇದಕ್ಕೇ.

ಮೇಲಿನ ನಟ್ಟು ಬಂತೇ? ಈಗ ಬೇಸಿನ್ ಇಟ್ಟು ಕೆಳಗಿನದನ್ನು ಬಿಚ್ಚಿ. ಕೊನೆಯ ಸುತ್ತುಗಳನ್ನು ಕೈಯಲ್ಲಿ, ನಟ್ಟನ್ನು ಒಳಕ್ಕೆ ಒತ್ತಿಕೊಂಡೇ ತಿರುಗಿಸಿ ಥಟ್ಟನೆ ಸರಿಸಿ. ಧಾರೆ ಮೊದಲು ದೂರಕ್ಕೆ ಚಿಮ್ಮುತ್ತದೆ, ಬರುಬರುತ್ತಾ ಹತ್ತಿರಕ್ಕೆ ಬರುತ್ತದೆ, ಬೇಸಿನ್ನನ್ನು ಅದರ ಹಿಂದೆ ಸರಿಸುತ್ತಿರಬೇಕು. ಹನಿ ನಿಲ್ಲುವ ತನಕ, ಒಂದು ಕಾಲು ಗಂಟೆ, ಬಿಡಿ.

ಆ ಕಾಲು ಗಂಟೆ ಬೇಸಿನ್ನಿನ ಮುಂದೆ ಕೂತು ನೋಡುವುದು ಈ ಇಡೀ ಕೆಲಸದ ತಿರುಳು. ಗೇರ್ ಆಯಿಲ್ ಕಪ್ಪಾಗಿದ್ದು ಪಾರದರ್ಶಕವಾಗಿದ್ದರೆ ಬರಿಯ ವಯಸ್ಸು. ಹಾಲು ಹಾಕಿದ ಚಾದ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ. ಕೆಂಪು ಫ್ಲೂಯಿಡ್ ಇದ್ದದ್ದು ರೋಸ್ ಮಿಲ್ಕಿನ ಬಣ್ಣವಾಗಿದ್ದರೂ ಅದೇ ಅರ್ಥ. ಸುಟ್ಟ ವಾಸನೆ ಬಂದರೆ ಆಯಿಲ್ ಕಡಿಮೆಯಿದ್ದು ಬಿಸಿಯಾಗಿದೆ, ಅಥವಾ ಡಾಮರು ರಸ್ತೆಯಲ್ಲಿ ಯಾರೋ ಫೋರ್ ವೀಲ್ ಹಾಕಿಕೊಂಡೇ ಓಡಿಸಿದ್ದಾರೆ. ಡ್ರೈನ್ ನಟ್ಟಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟು ಅಂಟಿರುತ್ತದೆ. ಬೆರಳಲ್ಲಿ ತಿಕ್ಕಿದಾಗ ವಿಭೂತಿಯಷ್ಟು ನುಣುಪಾಗಿದ್ದರೆ ಅದು ಸಹಜ ಸವೆತ, ಒರೆಸಿ ಮುಂದುವರಿಯಿರಿ. ಚುಚ್ಚುವ ಚೂರು, ಹಲ್ಲಿನ ತುಣುಕು, ಚೈನಿನ ಸಿಪ್ಪೆ ಸಿಕ್ಕಿದರೆ ಹೊಸ ಆಯಿಲ್ ಹಾಕಿ ಮುಚ್ಚಿಬಿಡುವುದು ಉತ್ತರವಲ್ಲ. ಪೆಟ್ಟಿಗೆ ಬಿಚ್ಚಿಸಬೇಕು.

ಇಳಿದದ್ದನ್ನು ಅಳೆಯಿರಿ. ಇರಬೇಕಾದದ್ದಕ್ಕಿಂತ ತುಂಬಾ ಕಡಿಮೆಯಿದೆ, ಹೊರಗೆ ಎಲ್ಲೂ ಸೋರಿದ ಗುರುತಿಲ್ಲ ಎಂದಾದರೆ ಗೇರ್‌ಬಾಕ್ಸಿನ ಮಟ್ಟ ನೋಡಿ. ಎರಡೂ ಅಂಟಿಕೊಂಡಿರುವ ಗಾಡಿಗಳಲ್ಲಿ ನಡುವಿನ ಸೀಲು ಹೋದರೆ ಒಂದರ ಆಯಿಲ್ ಇನ್ನೊಂದಕ್ಕೆ ದಾಟುತ್ತದೆ. ಇಲ್ಲಿ ಖಾಲಿ, ಅಲ್ಲಿ ತುಂಬಿ ತುಳುಕು.

ಚಾ ಬಣ್ಣ ಕಂಡರೆ ಒಂದೇ ಸಲದ ಬದಲಾವಣೆ ಸಾಲದು. ಅದೇ ಗ್ರೇಡಿನ ಅಗ್ಗದ ಆಯಿಲ್ ಹಾಕಿ ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸಿ, ಮತ್ತೆ ಬಿಡಿ. ಬಣ್ಣ ತಿಳಿಯಾದ ಮೇಲೆ ಒಳ್ಳೆಯದನ್ನು ಹಾಕಿ. ಡೀಸೆಲ್ಲೋ ಸೀಮೆಎಣ್ಣೆಯೋ ಸುರಿದು ತೊಳೆಯುವ ಪದ್ಧತಿ ನಮ್ಮಲ್ಲಿ ಬಹಳ ಕಡೆ ಉಂಟು. ಕೈಪಳಗಿದ ಹಿರಿಯ ಮೆಕ್ಯಾನಿಕ್‌ಗಳೂ ಮಾಡುತ್ತಾರೆ. ಒಳಗಿನ ಮೂಲೆಗಳಲ್ಲಿ ಉಳಿಯುವ ಡೀಸೆಲ್ ಹೊಸ ಆಯಿಲನ್ನು ತೆಳು ಮಾಡುತ್ತದೆ, ಆದ್ದರಿಂದ ನನ್ನ ಗಾಡಿಗೆ ಅದು ಬೇಡ ಎಂದೇ ಹೇಳುತ್ತೇನೆ.

ಡ್ರೈನ್ ನಟ್ಟಿಗೆ ಹೊಸ ವಾಷರ್ ಹಾಕಿ, ಮೊದಲ ಕೆಲವು ಸುತ್ತು ಬೆರಳಿನಲ್ಲೇ ಕೂರಿಸಿ, ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕಿಗೆ ಬಿಗಿಮಾಡಿ. ವಾಷರಿಲ್ಲದ, ತುದಿಗೆ ಸಪೂರವಾಗುವ ನಟ್ಟಾದರೆ ಥ್ರೆಡ್ಡಿಗೆ ತೆಳುವಾಗಿ ಸೀಲೆಂಟ್ ಹಚ್ಚಿ. ಅದು ಬೆಣೆಯಂತೆ ಕೆಲಸ ಮಾಡುವುದರಿಂದ ಅತಿ ಬಿಗಿ ಮಾಡಿದರೆ ಪೆಟ್ಟಿಗೆಯನ್ನೇ ಸೀಳಬಲ್ಲದು.

ತುಂಬುವುದಕ್ಕೆ ಕೈಪಂಪು ಇದ್ದರೆ ಐದು ನಿಮಿಷ. ಪೈಪು, ಆಲಿಕೆಯಾದರೆ ಒಬ್ಬರು ಮೇಲೆ ಬಾನೆಟ್ಟಿನ ಬದಿಯಿಂದ ಸುರಿಯಬೇಕು, ಇನ್ನೊಬ್ಬರು ಕೆಳಗೆ ಪೈಪಿನ ತುದಿ ಹಿಡಿಯಬೇಕು. ನಮ್ಮ ಮನೆಯಲ್ಲಿ ಮೇಲಿನ ಕೆಲಸ ಮಗಳದ್ದು. “ಸಾಕಾ ಅಪ್ಪಾ?” ಎಂದು ಅವಳು ಕೇಳುವುದೂ ನನ್ನ ಹಣೆಗೆ ಆಯಿಲ್ ಬೀಳುವುದೂ ಒಟ್ಟಿಗೇ ಆಗುತ್ತದೆ. ದಪ್ಪ ಆಯಿಲ್ ನಿಧಾನಕ್ಕೆ ಇಳಿಯುವುದಾದರೆ ಡಬ್ಬಿಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಇಡಿ. ಫಿಲ್ಲರ್ ತೂತಿನ ಅಂಚೇ ಹೆಚ್ಚಿನ ಗಾಡಿಗಳಲ್ಲಿ ಸರಿಯಾದ ಮಟ್ಟ. ಅಲ್ಲಿಂದ ಆಯಿಲ್ ಹೊರಬರತೊಡಗಿದಾಗ ನಿಲ್ಲಿಸಿ, ಧಾರೆ ಹನಿಯಾಗುವ ತನಕ ಕಾದು, ನಟ್ಟು ಹಾಕಿ. ಮಟ್ಟಕ್ಕೆ ಬೇರೆ ಗುರುತು ಇರುವ ಗಾಡಿಗಳೂ ಉಂಟು, ಮ್ಯಾನ್ಯುಯಲ್ಲಿನ ಅಳತೆ ಜೊತೆಗೆ ತಾಳೆ ನೋಡಿ. ಇನ್ನೂ ಸ್ವಲ್ಪ ಇರಲಿ ಎಂದು ಹೆಚ್ಚು ತುಂಬಿದರೆ ನೊರೆಯಾಗಿ ಬ್ರೀದರಿನಿಂದ ಕಕ್ಕುತ್ತದೆ.

ಹೇಗೂ ಕೆಳಗೆ ಮಲಗಿದ್ದೀರಿ, ಬ್ರೀದರನ್ನು ಬಿಡಬೇಡಿ. ಪೈಪು ಇದ್ದರೆ ತುದಿ ತೆಗೆದು ಊದಿ, ಗಾಳಿ ಸರಾಗ ಹೋಗಬೇಕು. ಪೈಪಿನೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದ್ದನ್ನು ನಾನೇ ಕಂಡಿದ್ದೇನೆ. ಚಿಕ್ಕ ಲೋಹದ ಮೂತಿ ಮಾತ್ರ ಇರುವ ಹಳೆಯ ಜೀಪುಗಳಲ್ಲಿ ಅದಕ್ಕೊಂದು ಆಯಿಲ್ ತಾಗಿದರೂ ಕೆಡದ ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್ಟಿನೊಳಗೆ ಎತ್ತರಕ್ಕೆ ಕಟ್ಟಿಸಿ. ಅಲ್ಪ ಖರ್ಚು, ಮುಂದಿನ ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆಯ ತಯಾರಿಯಿಲ್ಲ. ಎರಡು ಡಿಫರೆನ್ಷಿಯಲ್ಲುಗಳೂ ಅದೇ ನೀರಿನಲ್ಲಿ ಮುಳುಗಿದ್ದವು. ಅವುಗಳ ಫಿಲ್ಲರ್ ನಟ್ಟನ್ನೂ ತೆಗೆದು ಬಣ್ಣ ನೋಡಿಬಿಡಿ.

ಓಡಿಸಿ ನೋಡುವಾಗ ಮೊದಲು ಟೂ ವೀಲ್. ಆಮೇಲೆ ತೋಟದ ಮಣ್ಣು ರಸ್ತೆಗೋ ಮೈದಾನಕ್ಕೋ ಒಯ್ದು ಫೋರ್ ಹೈ (ನಾಲ್ಕೂ ಚಕ್ರ, ಸಾಮಾನ್ಯ ವೇಗ), ಗಾಡಿ ನಿಲ್ಲಿಸಿ ಫೋರ್ ಲೋ (ನಾಲ್ಕೂ ಚಕ್ರ, ನಿಧಾನ, ಹೆಚ್ಚು ಎಳೆತ). ಹೆದ್ದಾರಿ 66ರ ಡಾಂಬರಿನ ಮೇಲೆ ಈ ಪರೀಕ್ಷೆ ಬೇಡ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ದೂರ ಉರುಳುತ್ತವೆ. ಮಣ್ಣಿನಲ್ಲಾದರೆ ಚಕ್ರ ಚೂರು ಜಾರಿ ಹೊಂದಿಸಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರಲು ಎಡೆಯಿಲ್ಲದೆ ಶಾಫ್ಟು, ಗೇರು, ಚೈನು ಎಲ್ಲ ತಿರುಚಿ ಬಿಗಿಯುತ್ತವೆ, ಲಿವರ್ ವಾಪಸು ಬರಲು ಹಟ ಮಾಡುತ್ತದೆ. ಮನೆಗೆ ಬಂದು ನಟ್ಟುಗಳ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಕಲೆ ಇಲ್ಲದಿದ್ದರೆ ತಗಡು ಬೋಲ್ಟ್ ಮಾಡಿ. ಓಡೋಮೀಟರ್ ಅಂಕಿ, ತಾರೀಕು, ಆಯಿಲಿನ ಗ್ರೇಡು ಮೂರನ್ನೂ ಡ್ಯಾಶ್‌ಬೋರ್ಡಿನ ಪುಸ್ತಕದಲ್ಲಿ ಬರೆದಿಡಿ.

ಉಳಿದದ್ದು ಬೇಸಿನ್ನಿನಲ್ಲಿರುವ ಕರಿ ಆಯಿಲ್. ಗೆದ್ದಲಿಗೆಂದು ಬೇಲಿಯ ಗೂಟಕ್ಕೆ ಬಳಿಯುವುದು, ಸೆಂಟ್ರಿಂಗ್ ಹಲಗೆಗೆ ಹಚ್ಚಲು ಕೊಡುವುದು, ತೆಂಗಿನ ಬುಡದಾಚೆ ಚೆಲ್ಲುವುದು ನಮ್ಮಲ್ಲಿ ನಡೆದುಬಂದ ರೂಢಿ. ಮುರಕಲ್ಲಿನ ನೆಲ ತೂತು ತೂತು. ಮೇಲೆ ಚೆಲ್ಲಿದ್ದು ಮೊದಲ ಮಳೆಗೆ ಒಳಗಿಳಿಯುತ್ತದೆ, ಅದರಾಚೆ ಹತ್ತು ಹೆಜ್ಜೆಗೆ ನಿಮ್ಮದೋ ನೆರೆಯವರದೋ ಬಾವಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರವೂ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವೇ. ಹೊಸ ಆಯಿಲಿನ ಖಾಲಿ ಡಬ್ಬಿಗಳಿಗೇ ಅದನ್ನು ಆಲಿಕೆಯಲ್ಲಿ ಸುರಿದು ಬಿರಡೆ ಹಾಕಿ, ಹಳೆ ಆಯಿಲನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಅಧಿಕೃತ ಮರುಬಳಕೆಯವರಿಗೆ ಕೊಡುವ ಗ್ಯಾರೇಜಿಗೆ ತಲುಪಿಸಿ. ನನ್ನದನ್ನು ಆ ನಕ್ಕ ಮೆಕ್ಯಾನಿಕ್ಕಿಗೇ ಕೊಡುತ್ತೇನೆ. ಡಬ್ಬಿ ಇಸಿದುಕೊಳ್ಳುವಾಗ ಪ್ರತಿಸಲ ಅವರದ್ದು ಒಂದೇ ಪ್ರಶ್ನೆ: “ಈ ಸಲ ಮೇಲಿನದ್ದು ಮೊದಲು ತೆಗೆದ್ರಲ್ಲಾ?”